ಐದನೇ ದೀಪದ ಕೂಲಿ

ಕಮಲಾಗೆ ಬರಬೇಕಾದ ಕೂಲಿ ನಾಲ್ಕು ಸಾವಿರದ ಒಂಬೈನೂರ ಇಪ್ಪತ್ತಾರು ರೂಪಾಯಿ. ಪುಟಕ್ಕೆ ಮೂರು ರೂಪಾಯಿಯಂತೆ ಸಾವಿರದ ಆರುನೂರ ನಲವತ್ತೆರಡು ಪುಟದ್ದು. ಕೊಡಬೇಕಾದವರು ಕಾದಂಬರಿಕಾರ ಭರತೇಶ. ಬಾಕಿ ಬಿದ್ದು ಮೂವತ್ತೆರಡು ವರ್ಷವಾಯಿತು. ನಾನು ಬಡ್ಡಿ ಹಾಕಿಲ್ಲ. ಬ್ಯಾಂಕಿನಲ್ಲಿ ಗುಮಾಸ್ತನಾಗಿ ಕೂದಲು ಹಣ್ಣಾದವನಿಗೆ ಬಡ್ಡಿ ಹಾಕುವುದು ಬರುವುದಿಲ್ಲವೆಂದಲ್ಲ, ಅವಳೇ ಬೇಡವೆಂದಳು.

ಕಮಲಾ ಇರುವುದು ವಿಜಯವಾಡದಲ್ಲಿ. ಆಟೋನಗರದ ಹಿಂದಿನ ಸಾಲಿನಲ್ಲಿ, ಲಾರಿಗಳಿಗೆ ವೆಲ್ಡಿಂಗ್ ಮಾಡುವ ಶೆಡ್ಡುಗಳನ್ನು ದಾಟಿ ಹೋದರೆ ಒಂದು ಲೇತ್ ಅಂಗಡಿ ಸಿಗುತ್ತದೆ. ಕೆಳಗೆ ಅವಳ ಗಂಡ ಜಗನ್ಮೋಹನ್ ಕಬ್ಬಿಣ ತಿರುವುತ್ತಾನೆ, ಮೇಲೆ ಎರಡು ಕೋಣೆಯ ಮನೆ. ಕಮಲಾಗೆ ವಯಸ್ಸು ಅರವತ್ತೊಂದು, ಆಳು ಗಿಡ್ಡ, ದನಿ ಮಾತ್ರ ಲೇತಿನ ಸದ್ದಿನ ಮೇಲೂ ಕೇಳುತ್ತದೆ. ಬಲಗೈಯ ನಡುಬೆರಳಿನ ಪಕ್ಕದಲ್ಲಿ ಹುಣಸೆ ಬೀಜದಷ್ಟು ಗಟ್ಟಿ ಚರ್ಮ. ಓದುವ ಚಟ ಎಷ್ಟೆಂದರೆ ತವರು ದಾವಣಗೆರೆಯಿಂದ ಬಂದ ಖಾರಪುಡಿಯ ಪೊಟ್ಟಣ ಬಿಚ್ಚಿದ ಕಾಗದವನ್ನೂ ಓದಿ ಮಡಿಸಿಡುತ್ತಾಳೆ. ಅವಳ ನೆಂಟರು ಮದುವೆ ಪತ್ರಿಕೆ ಅಚ್ಚಿಗೆ ಹಾಕುವ ಮೊದಲೇ ಅವಳ ಫೋನಿಗೆ ಕಳಿಸುತ್ತಾರೆ. ಅಚ್ಚಾದ ಮೇಲೆ ಕಳಿಸಿದರೆ ತಪ್ಪುಗಳಿಗೆಲ್ಲ ಸುತ್ತು ಹಾಕಿ ಮದುವೆಯ ದಿನ ಮುಯ್ಯಿಯ ಜೊತೆ ವಾಪಸ್ ಕೊಡುತ್ತಾಳೆಂಬ ಭಯ. ಒಮ್ಮೆ ಕೊಟ್ಟಿದ್ದಾಳೆ ಕೂಡ.

ನನಗೆ ಅವಳ ಪರಿಚಯವಾದದ್ದು ವಿಶಾಖಪಟ್ಟಣದಲ್ಲಿ, ತೊಂಬತ್ತನೇ ಇಸವಿಯ ಹೊತ್ತಿಗೆ. ಅವಳ ಅಣ್ಣ ಶಂಕರಪ್ಪ ನಮ್ಮದೇ ಶಾಖೆಯಲ್ಲಿ ಕ್ಯಾಷಿಯರ್. ಈಗಿಲ್ಲ. ಗಾಜುವಾಕದಲ್ಲಿ ಬಾಡಿಗೆ ಮನೆ ಮಾಡಿದ್ದ. ಬಿ.ಎ. ಮುಗಿಸಿದ ತಂಗಿಯನ್ನು ಊರಿಂದ ಕರೆತಂದದ್ದು ಗಂಡು ಸಿಗುವ ತನಕ ಅಡುಗೆಗಾಯಿತು ಎಂದು. ಎರಡು ಸಂಬಂಧ ಬಂದು ತಪ್ಪಿಹೋದವು. ಅವಳು ಅಡುಗೆ ಮುಗಿಸಿ ಓದುತ್ತಾ ಕೂತಿರುತ್ತಿದ್ದಳು.

ಭರತೇಶ ಆಗ ನಮ್ಮ ಮ್ಯಾನೇಜರು. ಬೆಳಗಾವಿ ಕಡೆಯವರು. ಅಷ್ಟು ಹೊತ್ತಿಗೇ ಹೆಸರು ಮಾಡಿದ್ದ ಕಾದಂಬರಿಕಾರ. ಮಾತು ಜೇನು, ಅಕ್ಷರ ಮಾತ್ರ ಸೊಳ್ಳೆ ಹೊಡೆದು ಗೋಡೆಗೆ ಅಂಟಿಸಿದ ಹಾಗೆ. ಅವರು ಬರೆದ ಟಿಪ್ಪಣಿಯನ್ನು ಅವರ ಹತ್ತಿರವೇ ಒಯ್ದು ಓದಿಸಿಕೊಂಡು ಬರುತ್ತಿದ್ದೆವು. ಅವರ ಹಸ್ತಪ್ರತಿಯನ್ನು ಪ್ರಕಾಶಕರು ಓದಲಾಗದೆ ಹಿಂದಕ್ಕೆ ಕಳಿಸಿದಾಗ ಶಂಕರಪ್ಪ ಹೇಳಿದ, ನನ್ನ ತಂಗಿಯ ಅಕ್ಷರ ಅಚ್ಚಿನ ಹಾಗಿದೆ ಸಾರ್ ಎಂದು. ಶುದ್ಧಪ್ರತಿಗೆ ಪುಟಕ್ಕೆ ಮೂರು ರೂಪಾಯಿ ಎಂದು ಭರತೇಶರೇ ದರ ಕಟ್ಟಿದರು. ಮೊದಲ ಕಾದಂಬರಿಯ ಹಣ ಕೊಟ್ಟರು. ಅದರಲ್ಲಿ ಅವಳು ಒಂದು ಕೈಗಡಿಯಾರ ಕೊಂಡಳು.

ಆಮೇಲಿನ ಎರಡು ಕಾದಂಬರಿಗಳಿಗೆ ಕೊಡಲಿಲ್ಲ. ಒಂದನ್ನಂತೂ ಎರಡು ಸಲ ಬರೆಸಿದರು. ಅವಳು ನೆನಪಿಸಿದರೆ, ಇದು ನಮ್ಮಿಬ್ಬರ ಪುಸ್ತಕ, ನಮ್ಮೊಳಗೆಂಥಾ ಲೆಕ್ಕ ಎನ್ನುತ್ತಿದ್ದರಂತೆ. ಒಂದರ್ಥದಲ್ಲಿ ಅದು ನಿಜವೇ. ಅವಳು ಬರೀ ನಕಲು ಇಳಿಸುತ್ತಿರಲಿಲ್ಲ. ಒಂದು ಕಾದಂಬರಿಯಲ್ಲಿ ಶ್ರಾವಣದಲ್ಲಿ ಬಸುರಾದ ಹೆಂಗಸು ಮರುವರ್ಷ ಆಷಾಢದಲ್ಲಿ ಹೆತ್ತಿದ್ದಳು. ಕಮಲಾ ಹೆರಿಗೆಯನ್ನು ವೈಶಾಖಕ್ಕೆ ಹಾಕಿದಳು. ಹತ್ತನೇ ಅಧ್ಯಾಯದಲ್ಲಿ ಸತ್ತ ಚಿಕ್ಕಪ್ಪ ಹದಿನಾರನೆಯದರಲ್ಲಿ ಮದುವೆ ಊಟಕ್ಕೆ ಕೂತಿದ್ದ. ಅವನನ್ನು ಪಂಕ್ತಿಯಿಂದ ಎಬ್ಬಿಸಿ ಕಳಿಸಿದವಳೂ ಅವಳೇ. ಆ ಕಾದಂಬರಿಗೆ ಪ್ರಶಸ್ತಿ ಬಂತು.

ನಾನೆಲ್ಲಿದ್ದೆ ಎಂದು ಕೇಳುತ್ತೀರಿ. ಅದೇ ಮನೆಯಲ್ಲಿ, ಅದೇ ಚಾಪೆಯ ಮೇಲೆ, ಅವಳು ಹಾಕಿಕೊಟ್ಟ ಬೆಳ್ಳುಳ್ಳಿ ಒಗ್ಗರಣೆಯ ಮಂಡಕ್ಕಿ ತಿನ್ನುತ್ತಾ ಕೂತಿದ್ದೆ. ಶಾಖೆಯಲ್ಲಿ ಕಸ ಗುಡಿಸುವ ಸೂರ್ಯಕಾಂತಮ್ಮನನ್ನು ಕಾಯಂ ಮಾಡಲಿಲ್ಲವೆಂದು ಎರಡು ದಿನ ಬಾಗಿಲು ಹಾಕಿಸಿದವನು ನಾನು. ಲಾಠಿ ಏಟು ತಿಂದಿದ್ದೇನೆ, ವಾರ ಜೈಲಿನಲ್ಲಿ ಇದ್ದೆ. ಆ ಮುಷ್ಕರಕ್ಕೆ ಕರ್ನಾಟಕದ ಯೂನಿಯನ್ ಸದಸ್ಯರಿಗೆ ಕಳಿಸಿದ ಕನ್ನಡ ಸುತ್ತೋಲೆಯನ್ನು ನಕಲು ತೆಗೆಯುವ ಸ್ಟೆನ್ಸಿಲ್ ಹಾಳೆಯ ಮೇಲೆ ಕೊರೆದುಕೊಟ್ಟವಳು ಕಮಲಾ. ನಾನು ಹೇಳುತ್ತಾ ಹೋದೆ, ಅವಳು ಕೊರೆದಳು. ಅದಕ್ಕೂ ಕೂಲಿಯಿದೆಯೆಂದು ನನ್ನ ತಲೆಗೆ ಹೊಳೆಯಲಿಲ್ಲ. ಮನೆಯ ಹೆಣ್ಣುಮಗಳು ಬರೆದುಕೊಡುತ್ತಾಳೆ, ನೀರು ಕೊಟ್ಟ ಹಾಗೆ, ಅಷ್ಟೇ.

ಜಗನ್ಮೋಹನ್ ಆಗ ಉಕ್ಕಿನ ಕಾರ್ಖಾನೆಯಲ್ಲಿ ಗುತ್ತಿಗೆಯ ಫಿಟ್ಟರ್, ಅದೇ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದ. ಅವಳ ಪೆನ್ನಿನ ನಿಬ್ಬು ಕಾಗದ ಕೆರೆಯುತ್ತಿರುವ ಸದ್ದು ಕೇಳಿ, ತೆಗೆದುಕೊಂಡು ಹೋಗಿ, ಸಾಣೆಕಲ್ಲಿನಲ್ಲಿ ಉಜ್ಜಿ ನುಣುಪು ಮಾಡಿ ತಂದುಕೊಟ್ಟ. ಪ್ರೇಮಪತ್ರ ಬರೆಯಲಿಲ್ಲ. ತೆಲುಗಿನಲ್ಲಿ ಬರೆದಿದ್ದರೆ ಅವಳಿಗೆ ಆಗ ಓದಲೂ ಬರುತ್ತಿರಲಿಲ್ಲ. ತೊಂಬತ್ತಮೂರರಲ್ಲಿ ಮದುವೆಯಾಗಿ ಇಬ್ಬರೂ ವಿಜಯವಾಡಕ್ಕೆ ಹೋದರು. ಶಂಕರಪ್ಪನ ಕಡೆಯವರು ಸ್ವಲ್ಪ ಗೊಣಗಿದರು. ಹಂಡೆ ಬಿಂದಿಗೆ ಬಸ್ಸಿಗೆ ಏರಿಸಿ ಬಂದವನು ನಾನೇ.

ಈಗ ಕಾದಂಬರಿಯ ವಿಷಯ. ಎಪ್ಪತ್ತೊಂಬತ್ತು ವಯಸ್ಸಿನ ಭರತೇಶ ಕಳೆದ ವರ್ಷ ಒಂದು ಪುಸ್ತಕ ತಂದರು, ‘ಬಂದರಿನ ಏಳು ದೀಪ’. ಅದರ ನಾಯಕ ಜಿನದತ್ತ ಕಣ್ಣು ಮಂಜಾದ ಮುದಿ ಲೇಖಕ, ಹಿಂದೆ ಬ್ಯಾಂಕ್ ಮ್ಯಾನೇಜರು, ತಾನು ಪ್ರೀತಿಸಿದ ಏಳು ಹೆಂಗಸರನ್ನು ಅಧ್ಯಾಯಕ್ಕೊಬ್ಬರಂತೆ ನೆನೆಯುತ್ತಾನೆ. ಇದರಲ್ಲಿ ನೀವೆಷ್ಟು ಎಂದು ಯಾರೋ ಕೇಳಿದ್ದಕ್ಕೆ, ಅರ್ಧ ನಾನು, ಇನ್ನರ್ಧ ನಾನಾಗಬೇಕೆಂದಿದ್ದವನು ಎಂದರಂತೆ. ಪುಸ್ತಕ ಚೆನ್ನಾಗಿದೆ, ಸುಳ್ಳು ಹೇಳುವುದಿಲ್ಲ.

ವಿಶಾಖಪಟ್ಟಣದಲ್ಲಿ ನಮ್ಮದೊಂದು ಸಣ್ಣ ಕನ್ನಡ ಸಂಘವಿದೆ, ಇಪ್ಪತ್ತು ಚಿಲ್ಲರೆ ಮನೆ, ಹೆಚ್ಚಿನವರು ವರ್ಗವಾಗಿ ಬಂದ ಬ್ಯಾಂಕಿನವರು. ಪುಸ್ತಕ ಒಂದೇ ಪ್ರತಿ ಕೊಳ್ಳುತ್ತೇವೆ. ಕ್ಯಾಲೆಂಡರ್ ಹಾಳೆಯ ರಟ್ಟು ಹಾಕಿ ಮನೆಯಿಂದ ಮನೆಗೆ ದಾಟಿಸುತ್ತೇವೆ. ಕೊನೆಯಲ್ಲಿ ಒಂದು ಬಿಳಿ ಹಾಳೆ ಅಂಟಿಸಿರುತ್ತದೆ. ಓದಿದವರು ಹೆಸರು, ತಾರೀಕು, ಅಭಿಪ್ರಾಯ ಬರೆಯದೆ ಪುಸ್ತಕ ಮುಂದಕ್ಕೆ ಕೊಡುವಂತಿಲ್ಲ. ಎಲ್ಲರದೂ ಮುಗಿದ ಮೇಲೆ ಸಭೆ ಸೇರಿ ಹಾಳೆಯನ್ನು ಗಟ್ಟಿಯಾಗಿ ಓದುತ್ತೇವೆ. ಲೇಖಕರು ಸಿಕ್ಕರೆ ಅವರ ಎದುರಿಗೇ. ಈ ಸಲ ಭರತೇಶ ಬರಲು ಒಪ್ಪಿದ್ದರು. ಕಮಲಾ ಊರು ಬಿಟ್ಟರೂ ಸದಸ್ಯತ್ವ ಬಿಟ್ಟಿಲ್ಲ, ಅವಳ ಸರದಿಗೆ ಪುಸ್ತಕ ಬಸ್ಸಿನ ಪಾರ್ಸೆಲ್ಲಿನಲ್ಲಿ ಹೋಗುತ್ತದೆ.

ನನ್ನ ಕೈಗೆ ಬರುವ ಹೊತ್ತಿಗೆ ಹಾಳೆ ಮುಕ್ಕಾಲು ತುಂಬಿತ್ತು. ಎಲ್ಲರೂ ಬರೆದದ್ದು ಐದನೇ ದೀಪದ ಬಗ್ಗೆಯೇ. ಆ ಅಧ್ಯಾಯದ ಇಂದುಮತಿ ಗಾಜುವಾಕದ ಓಣಿಯಲ್ಲಿರುವ ಹುಡುಗಿ. ಬಿಳಿ ಸೀರೆ ಉಟ್ಟು ಜಿನದತ್ತನಿಗೆ ಬೆಳ್ಳುಳ್ಳಿ ಮಂಡಕ್ಕಿ ಕೊಡುತ್ತಾಳೆ. ಅವನ ಮಾತುಗಳನ್ನು ತನ್ನ ಕೈಯಲ್ಲಿ ಮತ್ತೆ ಬರೆಯುವುದೇ ಅವಳ ಪ್ರೇಮ. ಡಿಸೆಂಬರಿನ ನೌಕಾದಿನದ ಜನಜಂಗುಳಿಯಲ್ಲಿ ಕಡಲ ದಂಡೆಯ ಮೇಲೆ ಅವನು ಅವಳ ಕೈ ಹಿಡಿಯುತ್ತಾನೆ, ಅವಳು ಅಳುತ್ತಾಳೆ. ಕೊನೆಗೆ ಮನೆಯವರ ಒತ್ತಾಯಕ್ಕೆ ಒಬ್ಬ ‘ಕಬ್ಬಿಣದಂಥ ಮನುಷ್ಯ’ನನ್ನು ಮದುವೆಯಾಗಿ ಹೋಗುತ್ತಾಳೆ. ವಿಶಾಖಪಟ್ಟಣದಲ್ಲಿ ದಾವಣಗೆರೆ ಮಂಡಕ್ಕಿ ಮಾಡುತ್ತಿದ್ದ ಹುಡುಗಿ ಇದ್ದದ್ದೇ ಒಬ್ಬಳು. ‘ಐದನೇ ದೀಪ ಓದಿ ಕಣ್ಣು ತುಂಬಿತು. ಆ ಮನೆಯ ಮಂಡಕ್ಕಿ ತಿಂದವರಿಗೆ ದೀಪ ಯಾರೆಂದು ಗೊತ್ತು’ ಎಂದು ರಾಜ್ಯಲಕ್ಷ್ಮಿ ಬರೆದಿದ್ದರು. ಕೆಳಗೆ ಮೂರು ಜನ ಅದಕ್ಕೆ ಹೌದು ಹೌದು ಎಂದಿದ್ದರು. ನಾನೂ ಹಿಂದೆ ಮುಂದೆ ನೋಡದೆ, ‘ಐದನೇ ಅಧ್ಯಾಯ ಅತ್ಯುತ್ತಮ’ ಎಂದು ಗೀಚಿ ಪಾರ್ಸೆಲ್ ಮಾಡಿದೆ.

ಹತ್ತು ದಿನದ ಮೇಲೆ ಕಮಲಾಳ ಫೋನು ಬಂತು.

“ಅಣ್ಣ, ನೀವೂ ಹಿಂಗೇ ಬರ್ದೀರಲ್ಲ” ಎಂದಳು. ಅಷ್ಟೇ. ಇಟ್ಟುಬಿಟ್ಟಳು.

ಶನಿವಾರ ಮಧ್ಯಾಹ್ನದ ರತ್ನಾಚಲ್ ರೈಲು ಹಿಡಿದು ವಿಜಯವಾಡಕ್ಕೆ ಹೋದೆ. ಇನ್ನು ಎರಡು ವಾರಕ್ಕೆ ಸಭೆ. ಹಾಳೆಯಲ್ಲಿ ಬರೆಯದೆ ಉಳಿದಿದ್ದವಳು ಅವಳೊಬ್ಬಳೇ. ಬರೆಯದಿದ್ದರೆ ಉಳಿದವರು ಬರೆದದ್ದೇ ನಿಲ್ಲುತ್ತದೆ, ಇನ್ನು ಸಾಯುವ ತನಕ ಅವಳು ಭರತೇಶರ ಐದನೇ ದೀಪ. ಅಲ್ಲವೆಂದು ಬರೆದರೆ ಗಂಡನಿಗೆ ಹೆದರಿ ಬರೆದಳು ಎನ್ನುತ್ತಾರೆ. ಏನು ಬರೆಯುವುದು ಎಂಬುದೇ ಅವಳಿಗೆ ತೊಡಕಾಗಿತ್ತು. ಗಂಡನಿಗೆ ತಿಳಿದುಬಿಟ್ಟರೆ ಎಂಬುದು ತೊಡಕೇ ಅಲ್ಲ, ಏಕೆಂದರೆ ಅವಳು ಪುಸ್ತಕವನ್ನು ದಿನಾ ಬೆಳಿಗ್ಗೆ ಅಂಗಡಿ ತೆರೆಯುವ ಮುಂಚೆ ಅವನಿಗೇ ತೆಲುಗಿನಲ್ಲಿ ಓದಿ ಹೇಳುತ್ತಿದ್ದಳು. ಅವನಿಗೆ ಮನೆಮಾತಿನ ಕನ್ನಡ ತಿಳಿಯುತ್ತದೆ, ಪುಸ್ತಕದ್ದು ತಿಳಿಯುವುದಿಲ್ಲ. ನಾಲ್ಕು ದೀಪ ಆಗಿದ್ದವು. ಮೂರನೇ ದೀಪದವಳು ಒಳ್ಳೆಯ ಹೆಂಗಸು ಬಾವಗಾರು, ಅವಳನ್ನು ಬಿಡಬಾರದಿತ್ತು ಎಂದು ಜಗನ್ಮೋಹನ್ ನನ್ನ ಹತ್ತಿರ ಬೇಸರ ತೋಡಿಕೊಂಡ. ಕಮಲಾ ನನ್ನನ್ನು ಅಣ್ಣ ಎನ್ನುವುದರಿಂದ ಅವನಿಗೆ ನಾನು ಬಾವ.

ಭಾನುವಾರ ಆಟೋನಗರಕ್ಕೆ ರಜೆ. ಟೀ ಕುಡಿದು ಅವಳು ಐದನೆಯದನ್ನು ತೆಗೆದಳು. ಅವಳು ಒಂದಾದರೂ ಸಾಲು ಹಾರಿಸುತ್ತಾಳೇನೋ ಎಂದು ನಾನು ಕಾದೆ. ಹಾರಿಸಲಿಲ್ಲ. ಬಿಳಿ ಸೀರೆ ಬಂತು. ಜಗನ್ಮೋಹನ್ ತಡೆದು, ಇವಳ ಹತ್ತಿರ ಬಿಳಿ ಸೀರೆ ಎಲ್ಲಿತ್ತು ಬಾವಗಾರು, ಇದ್ದ ಸೀರೆಗಳಿಗೆಲ್ಲ ಶಾಯಿ ಕಲೆ ಎಂದ. ಕಡಲ ದಂಡೆ ಬಂತು. ಕೈ ಹಿಡಿದನಾ ಎಂದು ಕೇಳಿದ, ಹವಾಮಾನ ಕೇಳಿದ ಹಾಗೆ.

“ಇಲ್ಲ” ಎಂದಳು ಕಮಲಾ. “ನನ್ನ ಚೀಲ ಹಿಡ್ಕಂಡಿದ್ರು. ಅದ್ರಾಗೆ ಅವ್ರ ಹಸ್ತಪ್ರತಿ ಇತ್ತು, ಜನದಾಗೆ ಎಲ್ಲಿ ಕಳೀತಾಳೋ ಅಂತ.”

ಕಬ್ಬಿಣದಂಥ ಮನುಷ್ಯ ಬಂದಾಗ ಅವನು ಒಂದು ಸಲ ತನ್ನ ತೋಳು ನೋಡಿಕೊಂಡ. ಅಧ್ಯಾಯ ಮುಗಿಯಿತು. ಪುಟದ ಅಂಚುಗಳಲ್ಲಿ ಪೆನ್ಸಿಲ್ ಗುರುತುಗಳು ಕಂಡವು. ಪುಸ್ತಕ ಪೂರ್ತಿ ಅಚ್ಚಿನ ತಪ್ಪು ತಿದ್ದಿದ್ದಳು. ತನ್ನದೇ ಪ್ರೇಮ ಕಥೆಯಲ್ಲೂ ಆರು ಕಡೆ ತಿದ್ದಿದ್ದಳು. ಡಿಸೆಂಬರ್ ತಿಂಗಳ ಸಂಜೆಗೆ ‘ಕಡು ಬೇಸಿಗೆಯ ಬೆವರು’ ಎಂದಿದ್ದಕ್ಕೆ ಪಕ್ಕದಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ.

ನಾನು ನೇರವಾಗಿ ಕೇಳಿದೆ, ನಿನಗೇನಾದರೂ ಇತ್ತಾ ಎಂದು. ಇಂಥದನ್ನು ಸುತ್ತಿಬಳಸಿ ಕೇಳಲು ನನಗೆ ಬರುವುದಿಲ್ಲ. ಗಂಡ ಅಲ್ಲೇ ಕೂತಿದ್ದ. ಅವಳು ಪುಸ್ತಕ ಮುಚ್ಚಿದಳು.

“ಇಪ್ಪತ್ತಾರು ವರ್ಷ ಆಗ. ಆಸೆ ಇರ್ಲಿಲ್ಲ ಅಂದ್ರೆ ಸುಳ್ಳಾಗ್ತದೆ ಅಣ್ಣ. ಒಂದಿನ ಹೊಸ ಸೀರೆ ಉಟ್ಕಂಡು ಬರೆದಿದ್ದು ಕೊಡಾಕೆ ಹೋದೆ. ಅವ್ರು ಹಾಳೆ ಎಣಿಸಿದ್ರು, ನೂರಾ ಹದಿನಾಲ್ಕು, ಸರಿ ಐತೆ ಅಂದ್ರು. ನನ್ನ ಕಡೆ ನೋಡ್ಲಿಲ್ಲ. ಈಗ ನೋಡಿದ್ರೆ ಮೂವತ್ತು ಪುಟ ನೋಡವ್ರೆ.”

ಜಗನ್ಮೋಹನ್ ಟೀ ಲೋಟವನ್ನು ಕೈಯಲ್ಲಿ ತಿರುಗಿಸುತ್ತಾ ಕೂತ. ನನಗೆ ಒಳಗೊಳಗೇ ಅಳುಕು. ಅವನು ಲೋಟ ಕೆಳಗಿಟ್ಟ.

“ಮರಿ ಕೂಲಿ?”

ಹಾಗಾದರೆ ಕೂಲಿ ಎಷ್ಟು ಕೊಟ್ಟ ಎಂದು ಕೇಳಿದ್ದು ಅವನು. ಲೇತಿನವನು, ಒಂದು ಶಾಫ್ಟಿಗೆ ಎಷ್ಟು ಗಂಟೆ ಹಿಡಿಯುತ್ತದೆಂದು ಗೊತ್ತಿರುವವನು. ಕಮಲಾ ಅವನ ಮುಖ ನೋಡಿದಳು. ಮೊದಲ ಪುಸ್ತಕಕ್ಕೆ ಕೊಟ್ಟದ್ದು, ಆಮೇಲೆ ಕೊಡದಿದ್ದದ್ದು ಎಲ್ಲ ಹೇಳಿದಳು. ಮದುವೆಯಾಗಿ ಮೂವತ್ತೆರಡು ವರ್ಷದಲ್ಲಿ ಇದನ್ನು ಅವನಿಗೆ ಹೇಳಿರಲಿಲ್ಲವಂತೆ. ಯಾಕೆ ಎಂದರೆ, ಕೇಳಿದರೆ ಹಣದಾಸೆಯವಳು ಅನ್ನುತ್ತಾರೆಂದು ಶಂಕರಪ್ಪಣ್ಣ ಆಗಲೇ ಬಾಯಿ ಮುಚ್ಚಿಸಿದ್ದನಂತೆ. ಹಾಗೇ ಮುಚ್ಚಿಕೊಂಡೇ ಇತ್ತು.

ಆಗ ನನಗೆ ನನ್ನ ಸುತ್ತೋಲೆ ನೆನಪಾಯಿತು. ನಂದೂ ಇದೆಯಲ್ಲ ಕಮಲಾ ಎಂದೆ. ಅಯ್ಯೋ ನಿಮ್ಮದೇನು ಬಿಡ್ರಿ ಅನ್ನುತ್ತಾಳೆ ಎಂದುಕೊಂಡಿದ್ದೆ.

“ಹೂಂ, ಹನ್ನೊಂದು ಸ್ಟೆನ್ಸಿಲ್” ಎಂದಳು.

ಜೇಬಿನಲ್ಲಿದ್ದದ್ದನ್ನು ಕೊಟ್ಟೆ. ತೆಗೆದುಕೊಂಡು ಸಕ್ಕರೆ ಡಬ್ಬಿಯ ಕೆಳಗಿಟ್ಟಳು. ನಾಚಿಕೆಯಾಯಿತು, ನಿರಾಳವೂ ಆಯಿತು. ಭರತೇಶರನ್ನು ಬೈಯುವ ಹಕ್ಕು ಅಷ್ಟು ಕೊಟ್ಟ ಮೇಲೇ ನನಗೆ ಬಂದದ್ದು.

ಆಮೇಲೆ ಅವಳು ಪೆನ್ನು ತೆಗೆದುಕೊಂಡು ಹಾಳೆಯಲ್ಲಿ ಬರೆದಳು. ತಡವರಿಸಲಿಲ್ಲ. ನಮ್ಮೆಲ್ಲರ ಗೀಚಿನ ಕೆಳಗೆ ಆ ನಾಲ್ಕು ಸಾಲು ಅಚ್ಚಾದ ಹಾಗೆ ನಿಂತಿತು.

ಸಭೆಗೆ ಗಂಡ ಹೆಂಡತಿ ಇಬ್ಬರೂ ಬಂದರು. ಭರತೇಶ ಕಿವಿಗೆ ಮೆಷೀನ್ ಹಾಕಿಕೊಂಡು, ಕೋಲು ಹಿಡಿದು, ಈಗಲೂ ಹಾಕಿದ ಅಂಗಿಯ ಇಸ್ತ್ರಿ ಮುರಿಯದ ಹಾಗೆ ಕೂತಿದ್ದರು. ಶಾಲು ಹೊದಿಸಿದ್ದಾಯಿತು. ಹಾಳೆ ಓದುವ ಕೆಲಸ ಕಾರ್ಯದರ್ಶಿ ಸುಮಂತನದು, ಹೊಸದಾಗಿ ವರ್ಗವಾಗಿ ಬಂದ ಬ್ಯಾಂಕ್ ಅಧಿಕಾರಿ. ರಾಜ್ಯಲಕ್ಷ್ಮಿಯವರದನ್ನು ಓದುವಾಗ ಹೆಂಗಸರೆಲ್ಲ ಕಮಲಾಳ ಕಡೆ ತಿರುಗಿದರು, ಹೊಸ ಮರ್ಯಾದೆಯಿಂದ. ನನ್ನದನ್ನು ಓದಿದಾಗ ನಾನು ಫ್ಯಾನು ನೋಡಿದೆ. ಕೊನೆಯದಕ್ಕೆ ಬಂದು ಹುಡುಗ ತಡೆದ. ಸಮಯವಾಯಿತು, ಉಳಿದದ್ದು ಬೇಡ ಎಂದ. ಓದಪ್ಪಾ ಎಂದು ಭರತೇಶರೇ ಕೋಲು ಕುಟ್ಟಿದರು. ಓದಿದ.

‘ಕಥೆ ಚೆನ್ನಾಗಿದೆ. ಐದನೇ ದೀಪ ಪ್ರೇಯಸಿ ಅಲ್ಲ, ಶುದ್ಧಪ್ರತಿ ಬರೆದವಳು. ಎರಡು ಕಾದಂಬರಿ, 1642 ಪುಟ, ಪುಟಕ್ಕೆ ಮೂರು ರೂಪಾಯಿ, ಬಾಕಿ. ಆ ಪುಸ್ತಕಗಳಲ್ಲಿ ನನ್ನ ಹೆಸರೂ ಬಾಕಿ. ಕಮಲಾ.’

ಭರತೇಶ ಅವಳನ್ನು ಹುಡುಕಿ ನೋಡಿದರು.

“ನಿನ್ನನ್ನ ಪುಸ್ತಕದಾಗ ದೀಪ ಮಾಡಿ ಇಟ್ಟೀನಿ ಕಮಲಾ. ಪ್ರೀತಿಗೆ ಲೆಕ್ಕ ಹಚ್ಚಾಕ ಆಗತೈತೇನು?”

ಅವಳು ಎದ್ದು ನಿಂತಳು.

“ಪ್ರೀತಿದ್ದು ನೀವು ನೋಡ್ಕಳ್ರಿ ಸಾರ್. ನಾನು ಪುಟದ್ದು ಹೇಳ್ತಿದೀನಿ.”

ಹಿಂದಿನ ಸಾಲಿನಲ್ಲಿ ಜಗನ್ಮೋಹನ್ ಕೆಮ್ಮಿದ. ಮುದುಕರು ಹಾಳೆ ಕೇಳಿ ತರಿಸಿಕೊಂಡರು, ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು. ಅಕ್ಷರ ಒಂದಿಷ್ಟೂ ಬದಲಾಗಿಲ್ಲ ಎಂದರು, ತಮ್ಮಷ್ಟಕ್ಕೇ. ಹಣ ಈಗ ಮಗನ ಕೈಯಲ್ಲಿದೆಯೆಂದು ಏನೋ ಗೊಣಗಿದರು. ಆಮೇಲೆ, ಎಲ್ಲರೆದುರಿಗೇ, ಸಣ್ಣ ಹುಡುಗ ಪರೀಕ್ಷೆಯ ಫಲಿತಾಂಶ ಕೇಳುವ ಹಾಗೆ, ಈ ಪುಸ್ತಕದಲ್ಲಿ ತಪ್ಪೇನಾದರೂ ಸಿಕ್ಕಿತಾ ಎಂದು ಕೇಳಿದರು. ಏಳನೇ ದೀಪಕ್ಕೆ ಅಧ್ಯಾಯದ ಶುರುವಿನಲ್ಲಿ ಮೂವತ್ತನಾಲ್ಕು ವಯಸ್ಸು, ಕೊನೆಗೆ ಮೂವತ್ತೊಂದು ಎಂದಳು ಕಮಲಾ. ಭರತೇಶ ಎಷ್ಟು ನಕ್ಕರೆಂದರೆ ಕಿವಿಯ ಮೆಷೀನು ಸಿಳ್ಳೆ ಹಾಕಿತು. ಆ ಮನುಷ್ಯನನ್ನು ಪೂರ್ತಿ ದ್ವೇಷಿಸುವುದು ಕಷ್ಟ, ಅದೇ ಅವನ ಪುಣ್ಯ.

ಹಳೆಯ ಎರಡು ಕಾದಂಬರಿ ಒಂದೇ ಸಂಪುಟವಾಗಿ ಯುಗಾದಿಗೆ ಮತ್ತೆ ಬರುತ್ತಿವೆ, ಕರಡು ನೀನೇ ನೋಡಬೇಕು ಎಂದರು ಅವಳಿಗೆ.

“ಪುಟಕ್ಕೆ ಎಷ್ಟು?” ಎಂದಳು. “ಹೆಸರು ಎಲ್ಲಿ ಹಾಕ್ತೀರಿ?”

ಪ್ರಕಾಶಕರಿಗೆ ಹೇಳುತ್ತೇನೆ ಎಂದು ಮಾತು ಕೊಟ್ಟರು. ಹೇಳಿದರು ಕೂಡ, ಅದು ನಿಜ. ಪ್ರಕಾಶಕರ ಉತ್ತರ ಬಂದಿದೆ. ಕರಡು ತಿದ್ದಿದ್ದಕ್ಕೆ ಈಗಿನ ದರ ಕೊಡುತ್ತಾರಂತೆ. ಹಳೆಯ ಬಾಕಿ ಲೇಖಕರಿಗೂ ಅವಳಿಗೂ ಸಂಬಂಧಿಸಿದ್ದಂತೆ. ಕಾದಂಬರಿಯಲ್ಲಿ ನಕಲು ಬರೆದವರ ಹೆಸರು ಹಾಕುವ ಪದ್ಧತಿ ಇಲ್ಲವಂತೆ. ಕರಡಿನ ಕಟ್ಟು ಆಟೋನಗರದ ಮನೆಗೆ ಬಂದು ಇಪ್ಪತ್ತು ದಿನವಾಯಿತು. ಅವಳು ದಾರ ಬಿಚ್ಚಿಲ್ಲ. ಬಿಚ್ಚಬೇಕೆಂದು ಬೆರಳು ತುರಿಸುತ್ತದೆ ಅಣ್ಣ ಎಂದು ಫೋನಿನಲ್ಲಿ ಹೇಳಿದಳು. ಒಳಗೆ ಎಷ್ಟು ತಪ್ಪಿವೆಯೋ ಎಂದು ನಿದ್ದೆ ಸರಿ ಬರುತ್ತಿಲ್ಲವಂತೆ. ಜಗನ್ಮೋಹನ್ ಅದರ ಮೇಲೆ ಹತ್ತು ಕಿಲೋದ ಒಂದು ಕಬ್ಬಿಣದ ತುಂಡು ಹೇರಿಟ್ಟಿದ್ದಾನೆ. ಹೆಸರು ಹಾಕುತ್ತೇವೆಂದು ಬರೆದುಕೊಟ್ಟ ದಿನ ಅದನ್ನು ತೆಗೆಯುತ್ತಾನಂತೆ.

ಮುಷ್ಕರದಲ್ಲಿರುವವಳು ಒಬ್ಬಳೇ. ಒಬ್ಬರ ಮುಷ್ಕರ ಎಷ್ಟು ದಿನ ನಡೆಯುತ್ತದೆ ಎಂಬುದು ನನಗೆ ಚೆನ್ನಾಗಿ ಗೊತ್ತು, ಆದ್ದರಿಂದ ಇದನ್ನು ಬರೆಯುತ್ತಿದ್ದೇನೆ. ನೀವು ಕನ್ನಡ ಪುಸ್ತಕ ಕೊಳ್ಳುವವರು. ಯುಗಾದಿಗೆ ಭರತೇಶರ ಸಂಪುಟ ಅಂಗಡಿಗೆ ಬಂದಾಗ ಹಿಂದಿನ ರಕ್ಷಾಪುಟದ ಹೊಗಳಿಕೆ ಆಮೇಲೆ ಓದಿ, ಮೊದಲು ಒಳಗಿನ ಎರಡನೇ ಪುಟ ತೆಗೆಯಿರಿ. ಅಲ್ಲಿ ಶುದ್ಧಪ್ರತಿ: ಕಮಲಾ ಎಂದು ಇರಬೇಕು. ಇಲ್ಲದಿದ್ದರೆ ಪುಸ್ತಕವನ್ನು ಅಂಗಡಿಯವರ ಕೈಗೆ ವಾಪಸ್ ಕೊಡಿ. ಸುಮ್ಮನೆ ಇಟ್ಟು ಬರಬೇಡಿ. ಯಾಕೆ ಕೊಡುತ್ತಿದ್ದೀರೆಂದು, ಪಕ್ಕದಲ್ಲಿ ನಿಂತ ಗಿರಾಕಿಗೂ ಕೇಳುವ ಹಾಗೆ ಹೇಳಿ ಕೊಡಿ.